ಮೊಯಿದಿನಬ್ಬ ಕಾಣದ ಕಾಗದ

ಮಯ್ಯತ್ತಿನ ಬಲಗೈಯನ್ನು ಎತ್ತಿ ಹಿಡಿದು ಶಮೀರ್ ಮೂರನೆಯ ಸಲ ನೀರು ಹೊಯ್ಯುತ್ತಿದ್ದಾಗ ಅವನ ಕಿಸೆಯೊಳಗೆ ಫೋನು ನಡುಗಿತು.

“ಗಟ್ಟಿ ಹಿಡಿ ಮೋನು, ಜಾರ್ತದೆ,” ಎಂದರು ಮಸೀದಿಯ ಉಸ್ತಾದರು.

ಗಟ್ಟಿ ಹಿಡಿದ. ತೀರಿಕೊಂಡ ಮೊಯಿದಿನಬ್ಬ ಅವನ ತಾಯಿಯ ಅಣ್ಣ, ಮಾಮ. ಸೌದಿಯ ಜುಬೈಲಿನಲ್ಲಿ ಒಂದೇ ಕಂಪೆನಿಯ ಕಾಗದಗಳನ್ನು ಇಪ್ಪತ್ತಾರು ವರ್ಷ ಕಾದ ಕೈ ಅದು. ಹೆಬ್ಬೆರಳಿಗೆ ಹತ್ತಿದ ಠಸ್ಸೆಯ ನೇರಳೆ ಶಾಯಿ ಖಬರಿಗೆ ಇಳಿಯುವವರೆಗೂ ಮಾಸುವುದಿಲ್ಲವೆಂದು ಮನೆಯವರು ತಮಾಷೆ ಮಾಡುತ್ತಿದ್ದರು. ಈಗ ನೋಡಿದರೆ ಹೆಬ್ಬೆರಳು ಬೆಳ್ಳಗಿತ್ತು.

ಕಫನ್ ಹೊದೆಸುವ ಕೆಲಸವನ್ನು ಹಿರಿಯರಿಗೆ ಬಿಟ್ಟು ಶಮೀರ್ ಬಚ್ಚಲಿನ ಹಿಂದೆ ಹೋಗಿ ಫೋನು ತೆಗೆದ. ಕಂಪೆನಿಯ ಸಾಫ್ಟ್‌ವೇರಿನಿಂದ ಸಂದೇಶ. ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ, ಅಂದರೆ ಇಲ್ಲಿ ಪುತ್ತಿಗೆಯ ಹತ್ತೂವರೆಗೆ, ದಿನಾ ಬರುವಂಥದ್ದೇ.

“ಧನ್ಯವಾದ, ಮೊಯಿದಿನಬ್ಬ. ಈ ಬೆಳಿಗ್ಗೆ ಭಾರತದ ಸಮಯ 5.48ಕ್ಕೆ ನೀವು ಕಂಡು ಒಪ್ಪಿದ 38 ದಾಖಲೆಗಳು ಸೈಟಿಗೆ ತಲುಪಿವೆ.”

ಮೂವತ್ತೆಂಟು. ಮೂವತ್ತೇಳು ಇರಬೇಕಿತ್ತು.

ಪಟ್ಟಿಯನ್ನು ಕೆಳಗೆ ಸರಿಸಿದ. ಹನ್ನೊಂದನೆಯದು ಪೈಪಿನ ಒತ್ತಡ ಪರೀಕ್ಷೆಯ ಕಾಗದಗಳ ಕಟ್ಟು. ರಾತ್ರಿ ಮಾಮ ಫೋನಿನಲ್ಲಿ, “ಅದೊಂದು ಹೋಗುವುದು ಬೇಡ, ಬೆಳಿಗ್ಗೆ ಕೇಳುವ,” ಎಂದದ್ದು ಇದನ್ನೇ. ಬೆಳಿಗ್ಗೆ ಶಮೀರ್ ತನ್ನ ಮನೆಯ ಹಾಸಿಗೆಯಲ್ಲಿ ಒಂದು ಕಣ್ಣು ಮುಚ್ಚಿಕೊಂಡೇ ಲ್ಯಾಪ್‌ಟಾಪ್ ತೆರೆದಿದ್ದ. ಇಲ್ಲಿಯ ಆರು ಗಂಟೆಯೊಳಗೆ ಹೋಗದ ಕಾಗದಗಳು ಮೇಲಧಿಕಾರಿಯ ಪರದೆಯಲ್ಲಿ ಕೆಂಪಾಗುತ್ತವೆ. ಎಲ್ಲವನ್ನೂ ಒಟ್ಟಿಗೆ ಗುರುತು ಹಾಕುವ ಚೌಕ ಮೇಲ್ತುದಿಯಲ್ಲಿ ಉಂಟು. ಅದನ್ನು ಒತ್ತಿ, ಹನ್ನೊಂದನೆಯದರ ಗುರುತು ತೆಗೆದು, ಆಮೇಲೆ ‘ಕಂಡು ಒಪ್ಪಿದ್ದೇನೆ’ ಒತ್ತಬೇಕು. ನಡುವಿನ ಕೆಲಸ ಮರೆತುಹೋಗಿತ್ತು.

ಮಾಮಿಯ ಫೋನು ಬಂದದ್ದು ಆರಕ್ಕೆ. ಮಾಮ ಹೋದದ್ದು ಐದೂಕಾಲಿಗೆ.

*

ಸಾವಿನ ಮನೆಗೆ ಬಂದವರು ಗಂಟೆ ಕೇಳದೆ ಕುಳಿತುಕೊಳ್ಳುವುದಿಲ್ಲ. ತಿಳಿದ ಮೇಲೆ ಆ ಗಂಟೆಯಿಂದ ಏನು ಮಾಡುತ್ತಾರೆಂದು ಯಾರಿಗೂ ಗೊತ್ತಿಲ್ಲ. ಅಂಗಳದ ಟಾರ್ಪಾಲಿನ ಕೆಳಗೆ ಒಬ್ಬೊಬ್ಬರೂ ಕುರ್ಚಿ ಎಳೆದುಕೊಂಡು, ಸ್ವರ ತಗ್ಗಿಸಿ, “ಎಷ್ಟು ಗಂಟೆಗೆ?” ಎನ್ನುತ್ತಿದ್ದರು.

ಉತ್ತರ ಕೊಡುವ ಹೊಣೆಯನ್ನು ನೆರೆಮನೆಯ ಅಜ್ಮಲ್ ವಹಿಸಿಕೊಂಡಿದ್ದ. ಅವನೂ ಅದೇ ಕಂಪೆನಿಯಲ್ಲಿದ್ದು ಬಂದವನು.

“ಐದೂ ಹದಿನೈದು. ಸುಬಹಿಯ ಬಾಂಗ್ ಮುಗೀತಾ ಉಂಟು, ಇವರು ಎದ್ದು ಕೂತರು, ಹಾಗೇ ವಾಲಿದರು. ಒಳ್ಳೆ ಮರಣ. ಕಂಪೆನಿಯ ಗ್ರೂಪಿಗೂ ಹಾಕಿದ್ದೇನೆ, ಗಂಟೆ ಸಮೇತ.”

“ಗಂಟೆ ಯಾಕೆ ಹಾಕಿದ್ದು?” ಎಂದ ಶಮೀರ್.

“ಕೇಳ್ತಾರಲ್ಲ ಮಾರಾಯ. ಎಲ್ಲರೂ ಕೇಳುವುದು ಅದನ್ನೇ.”

ಗ್ರೂಪಿನಲ್ಲಿ ಆಗಲೇ ನಲವತ್ತು ಜನ ದುಃಖ ತೋಡಿಕೊಂಡಿದ್ದರು. ಐದೂಕಾಲಿಗೆ ತೀರಿಕೊಂಡವರು ಐದೂ ನಲವತ್ತೆಂಟಕ್ಕೆ ಮೂವತ್ತೆಂಟು ಕಾಗದ ಒಪ್ಪಿದ್ದಾರೆಂದು ಯಾರೂ ಹೇಳಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಷ್ಟು ಪುರುಸೊತ್ತು ಇನ್ನೂ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಹನ್ನೊಂದೂವರೆಗೆ ಗುರುವಾಯನಕೆರೆಯ ಮುಂಡಪ್ಪಣ್ಣ ಬಂದರು. ಜಂಕ್ಷನ್ನಿನಲ್ಲಿ ಹೋಟೆಲು ಇಟ್ಟವರು, ಮಾಮನ ಹಳೆಯ ಸ್ನೇಹಿತರು. ಮೊಣಕಾಲು ನೋವೆಂದು ನಿಧಾನ ನಡೆದು ಬಂದು ಶಮೀರನ ಪಕ್ಕ ಕುಳಿತರು.

“ಎಷ್ಟು ಗಂಟೆಗೆ?”

“ಐದೂಕಾಲು.”

“ಮೊನ್ನೆ ಆದಿತ್ಯವಾರ ಹೋಟೆಲಿಗೆ ಬಂದಿದ್ದರು, ಗೊತ್ತುಂಟಾ? ಗೋಳಿಬಜೆ ತಿಂದು ಗೋಡೆಯ ತಿಂಡಿಪಟ್ಟಿಯ ಹತ್ತಿರ ಹೋಗಿ ನಿಂತರು. ‘ಮುಂಡಪ್ಪ, ಬನ್ಸಿನ ದರ ಬದಲಾಯಿಸಿದ್ದಿ, ಮೂಲೆಯ ನಂಬ್ರ ಬದಲಾಯಿಸಿಲ್ಲ’ ಅಂತ. ನನ್ನ ತಿಂಡಿಪಟ್ಟಿಗೂ ನಂಬ್ರ ಹಾಕಿದ ಜನ. ಈಗ ಏಳನೇ ಪರಿಷ್ಕರಣೆಯಲ್ಲಿ ಉಂಟು.”

ಮಾಮನ ಕಣ್ಣಿಗೆ ಆ ದರ ಕಂಡಿರಲಿಕ್ಕಿಲ್ಲ ಎಂದು ಶಮೀರನಿಗೆ ಗೊತ್ತಿತ್ತು. ಹೋಟೆಲಿನ ಮಾಣಿಯಲ್ಲಿ ಕೇಳಿ ತಿಳಿದುಕೊಂಡಿರಬೇಕು.

“ಶೋಧನಿಗೆ ತಿಳಿಸಿದಿರಾ?” ಎಂದು ಕೇಳಿದ. ಶೋಧನ್ ಮುಂಡಪ್ಪಣ್ಣನ ಮಗ. ಮಾಮನೇ ಕಂಪೆನಿಗೆ ಸೇರಿಸಿದ್ದು.

“ಬೆಳಿಗ್ಗೆ ಒಂದು ನಿಮಿಷ ಸಿಕ್ಕಿದ. ಅತ್ತುಬಿಟ್ಟ ಪಾಪ. ಇವತ್ತು ಏನೋ ಪೈಪಿನ ಪರೀಕ್ಷೆಯಂತೆ, ಅಲ್ಲಿಯ ಹನ್ನೊಂದಕ್ಕೆ. ನಮಗೆ ಒಂದೂವರೆ ಆಯ್ತಲ್ಲ? ಇವನದ್ದು ಪಂಪಿನ ಹತ್ತಿರವೇ ನಿಂತು ಮೀಟರು ಓದುವ ಕೆಲಸ. ಫೋನು ಗೇಟಿನಲ್ಲಿ ಕೊಡಬೇಕಂತೆ. ಮುಗಿದ ಮೇಲೆ ಮಾಡ್ತೇನೆ ಅಂದಿದ್ದಾನೆ.”

ಯಾರೋ ಹಾಲಿಲ್ಲದ ಚಾ ತಂದು ಕೈಗೆ ಕೊಟ್ಟರು. ಶಮೀರ್ ಲೋಟವನ್ನು ಕೆಳಗಿಟ್ಟು ಫೋನು ತೆಗೆದ.

*

ಮೊಯಿದಿನಬ್ಬ ಅಲ್ಲಿ ಏನು ಕೆಲಸ ಮಾಡುತ್ತಾರೆಂಬುದು ಪುತ್ತಿಗೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಎಂಜಿನಿಯರು ಎಂದು ಕೆಲವರು, ಗುಮಾಸ್ತ ಎಂದು ಕೆಲವರು. ಎಂಜಿನಿಯರುಗಳು ಬರೆದ ನಕ್ಷೆ ತಿದ್ದಿದಾಗಲೆಲ್ಲ ಹಳೆಯದನ್ನು ಸೈಟಿನಿಂದ ತೆಗೆಸಿ ಹೊಸದನ್ನು ಕಳಿಸುವುದು ಅವರ ಕೆಲಸ. ಮೊದಲಿಗೆ ಅದು ತಳ್ಳುಗಾಡಿ, ಕಪಾಟು, ಠಸ್ಸೆಗಳ ಕೆಲಸವಾಗಿತ್ತು. ಆಮೇಲೆ ಸಾಫ್ಟ್‌ವೇರು ಬಂತು. ಐವತ್ತು ದಾಟಿದ ಮಾಮ ತಿಂಗಳುಗಟ್ಟಲೆ ಹೆದರಿ, ಕಲಿತು, ಕೊನೆಗೆ ಉಳಿದವರಿಗೆ ಕಲಿಸಿದರು.

“ನಕ್ಷೆಯ ಒಳಗೆ ಎಂತ ಉಂಟೋ ನಮಗೆ ಬೇಡ,” ಎನ್ನುತ್ತಿದ್ದರು. “ಕೆಳಗೆ ಬಲಮೂಲೆ ನೋಡು. ಎಷ್ಟನೇ ಸಲ ತಿದ್ದಿದ್ದು ಅಂತ ಅಲ್ಲಿ ಬರೆದಿರ್ತದೆ. ಮೂಲೆ ಸರಿ ಇದ್ದರೆ ಒತ್ತು. ನೋಡದೆ ನಾನು ಒಂದಕ್ಕೂ ಹೆಸರು ಹಾಕಿದವನಲ್ಲ.”

ಕೋವಿಡಿನ ಕಾಲಕ್ಕೆ ಕಂಪೆನಿ ಅವರನ್ನು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿತು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಅಕ್ಷರಗಳು ಇರುವೆಗಳಾದವು, ಆಮೇಲೆ ಇರುವೆಗಳೂ ಹೋದವು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಳಿಯ ಶಮೀರನನ್ನು ಕರೆದು ಮಾಮ ಬಾಗಿಲು ಹಾಕಿ ಕೇಳಿದರು: “ನೀನು ಓದು, ನಾನು ಕೇಳ್ತೇನೆ. ಕಿವಿಯಲ್ಲಿ ನೋಡಿದರೂ ನೋಡಿದ್ದೇ ಅಲ್ಲವಾ?”

ಲ್ಯಾಪ್‌ಟಾಪ್ ಶಮೀರನ ಮನೆಗೆ ಹೋಯಿತು. ದಿನಾ ರಾತ್ರಿ ಎಂಟಕ್ಕೆ ಅವನು ಫೋನಿನಲ್ಲಿ ಮೂಲೆಗಳನ್ನು ಓದುವುದು, ಮಾಮ ‘ಹೂಂ’ ಎನ್ನುವುದು. ನಿನ್ನೆಯ ಹನ್ನೊಂದನೆಯ ಕಾಗದಕ್ಕೆ ಮಾತ್ರ ‘ಹೂಂ’ ಬರಲಿಲ್ಲ.

“ಪಟ್ಟಿಯಲ್ಲಿ ಎಷ್ಟನೇ ಸಲ ತಿದ್ದಿದ್ದು ಅಂತ ಉಂಟು?”

“ಮೂರು.”

“ಒಳಗಿನ ನಕ್ಷೆಯ ಮೂಲೆಯಲ್ಲಿ?”

“ಎರಡು.”

ಮಾಮ ಇನ್ನೊಮ್ಮೆ ಓದಿಸಿದರು. “ಮೂರರಲ್ಲಿ ಹಳೇ ಪೈಪಿಗೆ ಒತ್ತಡ ಹೋಗದ ಹಾಗೆ ಅಡ್ಡ ಒಂದು ತಗಡು ಇಟ್ಟಿದ್ದಾರೆ, ಎಂಜಿನಿಯರು ಹೇಳಿದ್ದು ನೆನಪುಂಟು. ಎರಡರಲ್ಲಿ ಇಲ್ಲ. ಎರಡನ್ನು ನೋಡಿ ಒತ್ತಡ ಕೊಟ್ಟರೆ ಹಳೇ ಪೈಪು ತಡೀಲಿಕ್ಕಿಲ್ಲ. ಅದೊಂದು ಹೋಗುವುದು ಬೇಡ.”

ಶಮೀರ್ ಆಕಳಿಸಿ ಆಯ್ತು ಎಂದಿದ್ದ.

*

ಶೋಧನ್‌ಗೆ ಒಂಬತ್ತು ಸಲ ಫೋನು ಮಾಡಿದ. ಸ್ವಿಚ್ ಆಫ್. ಸೈಟಿನ ಆಫೀಸಿಗೆ ಮಾಡಬಹುದಿತ್ತು. ಆದರೆ ಹೇಳುವವನು ಯಾರು? ಕಂಪೆನಿಯ ಪಾಲಿಗೆ ಶಮೀರ್ ಎಂಬ ಮನುಷ್ಯನೇ ಇಲ್ಲ, ಮತ್ತು ಸೈಟಿನವರು ಸಾಫ್ಟ್‌ವೇರು ಹೇಳಿದ್ದನ್ನಲ್ಲದೆ ಬೇರೆ ಯಾರ ಮಾತನ್ನೂ ನಂಬದಂತೆ ಪಳಗಿಸಿದವರು ಮಾಮನೇ. ಹೊರಟ ಕಾಗದವನ್ನು ಹೊರಡಿಸಿದವನೇ ಹಿಂಪಡೆಯಬೇಕು. ಅಂದರೆ ಮೊಯಿದಿನಬ್ಬ. ಮೊಯಿದಿನಬ್ಬ ಸತ್ತ ಗಂಟೆ ನಲವತ್ತು ಜನಕ್ಕೆ ಗೊತ್ತು. ಹಿಂಪಡೆದರೆ ಎರಡು ವರ್ಷದ ಗುಟ್ಟು ಮಧ್ಯಾಹ್ನದೊಳಗೆ ಬೀದಿಗೆ ಬರುತ್ತದೆ. ನೋಡದೆ ಒಂದಕ್ಕೂ ಹೆಸರು ಹಾಕದವರ ಹೆಸರು ಸುಳ್ಳಿನ ಹೆಸರಾಗುತ್ತದೆ. ಸುಮ್ಮನಿದ್ದರೆ ಏನೂ ಆಗದೆಯೂ ಇರಬಹುದು. ಪೈಪು ತಡೆದುಕೊಳ್ಳಲೂಬಹುದು.

ಈ ‘ಬಹುದು’ಗಳನ್ನು ಎಣಿಸುತ್ತ ಒಳಗೆ ಹೋದಾಗ ಮಾಮಿ ಆಯಿಶಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಹತ್ತಿರ ಕರೆದರು.

“ರಾತ್ರಿಯಿಡೀ ನಿದ್ರೆ ಮಾಡಲಿಲ್ಲ ಮೋನು. ‘ಒಂದು ಕಾಗದ ಹೋಗಬಾರದು, ಶಮೀರನಿಗೆ ಬೆಳಿಗ್ಗೆ ಮತ್ತೊಮ್ಮೆ ನೆನಪು ಮಾಡಬೇಕು’ ಅಂತ ಅದನ್ನೇ ಹೇಳ್ತಾ ಇದ್ದರು. ಅವನಿಗೆ ಗೊತ್ತುಂಟು, ನೀವು ಮಲಗಿ ಅಂತ ನಾನು ಬಯ್ದೆ.” ಅವರು ತಲೆವಸ್ತ್ರದ ಅಂಚಿನಿಂದ ಕಣ್ಣು ಒರೆಸಿಕೊಂಡರು. “ಅದನ್ನು ನಿಲ್ಲಿಸಿದ್ದಿಯಲ್ಲ?”

“ನಿಲ್ಲಿಸಿದ್ದೇನೆ ಮಾಮಿ.”

“ಅಷ್ಟು ಸಾಕು.”

*

ಮಧ್ಯಾಹ್ನದ ನಮಾಜಿನ ಬೆನ್ನಿಗೆ ಜನಾಝ ನಮಾಜು ಮುಗಿಯಿತು. ಮಸೀದಿಯ ಹಿಂದಿನ ಖಬರಸ್ಥಾನಕ್ಕೆ ನೂರು ಹೆಜ್ಜೆ. ಶಮೀರನ ಹೆಗಲಿಗೆ ಮಯ್ಯತ್ತಿನ ಮಂಚದ ಕಾಲು ಸಿಕ್ಕಿತ್ತು. ಮಾಮ ಇಷ್ಟು ಭಾರ ಇರಲಿಲ್ಲ. ಗೋಡೆಯ ಹೊರಗೆ, ಗೇಟಿನ ಬಳಿ, ಮುಂಡಪ್ಪಣ್ಣ ಎತ್ತಿ ಕಟ್ಟಿದ್ದ ಪಂಚೆಯನ್ನು ಕೆಳಗಿಳಿಸಿ ಕೈಮುಗಿದು ನಿಂತಿದ್ದರು. ಮಂಚ ಹಾದುಹೋಗುವಾಗ ಕೈಗಡಿಯಾರ ನೋಡಿಕೊಂಡರು. ಶಮೀರನಿಗೆ ಕಂಡದ್ದು ಆ ಗಡಿಯಾರ. ಒಂದೂ ಆರು.

ಹೆಗಲನ್ನು ಅಜ್ಮಲನಿಗೆ ದಾಟಿಸಿ ಅವನು ಹಿಂದಕ್ಕೆ ಓಡಿದ. ಬೈಕಿನಲ್ಲಿದ್ದ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಖಬರಸ್ಥಾನದ ಗೋಡೆಯ ಮೇಲಿಟ್ಟ. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೆಯ ಸಲ ತೆರೆಯಿತು. ‘ಸ್ವಾಗತ, ಮೊಯಿದಿನಬ್ಬ.’ ಮೂಲೆಯ ಸಣ್ಣ ಉರುಟು ಫೋಟೋದಲ್ಲಿ ಮಾಮ, ಜುಬೈಲಿನ ಕಾಲದ ಕಪ್ಪು ಮೀಸೆಯಲ್ಲಿ. ಫೋಟೋದ ಪಕ್ಕ ಹಸಿರು ಚುಕ್ಕೆ ಹತ್ತಿತು: ಇವರು ಈಗ ಇದ್ದಾರೆ.

ಹನ್ನೊಂದನೆಯ ಸಾಲು. ‘ಹಿಂಪಡೆಯಿರಿ’ ಒತ್ತಿದ. ಸಾಫ್ಟ್‌ವೇರು ಕಾರಣ ಕೇಳಿತು. ಕಾರಣ ಬರೆಯದೆ ಮುಂದೆ ಬಿಡುವುದಿಲ್ಲ. ‘ತಪ್ಪಾಗಿದೆ’ ಎಂದು ಬರೆದು ಅಳಿಸಿದ. ಆಮೇಲೆ ಇಂಗ್ಲಿಷಿನಲ್ಲಿ ಆರೇ ಶಬ್ದ ಬರೆದ. ಪರದೆಯಲ್ಲಿ ಮೂಡಿತು:

‘ಹಿಂಪಡೆದವರು: ಮೊಯಿದಿನಬ್ಬ. ಸಮಯ: 1.11. ಕಾರಣ: ಈ ಕಾಗದವನ್ನು ಮೊಯಿದಿನಬ್ಬ ನೋಡಿಲ್ಲ.’

ಅದರ ಕೆಳಗೆ ಹಳದಿ ಪಟ್ಟಿ: ‘ಈ ಸೂಚನೆಯನ್ನು ಸೈಟಿನಲ್ಲಿ ಇನ್ನೂ ಯಾರೂ ತೆರೆದಿಲ್ಲ.’

“ಎಂತ ಮಾರಾಯ ಇದು, ಈಗ?” ಎಂದರು ಮುಂಡಪ್ಪಣ್ಣ.

“ಮಾಮನ ಕೆಲಸ. ಸ್ವಲ್ಪ ಬಾಕಿ ಉಂಟು. ನಾನು ಮಣ್ಣು ಹಾಕಿ ಬರ್ತೇನೆ, ಇದನ್ನು ನೋಡಿಕೊಳ್ಳಿ. ಮುಟ್ಟಬೇಡಿ.”

ಪಂಪಿನ ಹತ್ತಿರ ನಿಂತವನ ಅಪ್ಪನನ್ನೇ ಆ ಪರದೆಯನ್ನು ಕಾಯಲು ನಿಲ್ಲಿಸಿ ಶಮೀರ್ ಒಳಗೆ ಹೋದ. ಮೊದಲ ಹಿಡಿ ಹಾಕಿದ. ಎರಡನೆಯ ಹಿಡಿ. ಮೂರನೆಯದರಲ್ಲಿ ಒಂದು ಕಲ್ಲು ಸಿಕ್ಕಿತು, ಅದನ್ನು ಹೆಕ್ಕಿ ತೆಗೆದು ಹಾಕಿದ. ಗುದ್ದಲಿಗಳು ಮಣ್ಣು ಎಳೆಯತೊಡಗಿದವು. ಹೊರಗೆ ಬಂದಾಗ ಒಂದೂ ಇಪ್ಪತ್ತೇಳು. ಪಟ್ಟಿ ಹಳದಿಯೇ.

ಜನ ಖಬರಿನ ಸುತ್ತ ಕುಳಿತರು. ಉಸ್ತಾದರು ತಲೆಯ ಕಡೆ ಕುಳಿತು ತಲ್ಕೀನ್ ಶುರುಮಾಡಿದರು: ಈಗ ಇಬ್ಬರು ಮಲಕುಗಳು, ದೇವದೂತರು, ಬರುತ್ತಾರೆ, ಹೀಗೆ ಹೀಗೆ ಕೇಳುತ್ತಾರೆ, ಹೀಗೆ ಹೀಗೆ ಉತ್ತರ ಕೊಡು. ಸತ್ತವನಿಗೆ ಹೇಳಿಕೊಡುವ ಪಾಠ. ಎಷ್ಟೋ ಖಬರುಗಳ ಬಳಿ ಕೇಳಿದ್ದೇ. ಇವತ್ತು ಶಮೀರ್ ಪರದೆಯನ್ನು ಬಿಟ್ಟು ಆ ಪಾಠಕ್ಕೆ ಕಿವಿಗೊಟ್ಟ. ಮಾಮನ ಹೆಸರಿನಲ್ಲಿ ಮೂವತ್ತೆಂಟು ಎಂದು ಬರೆದದ್ದು ಆ ಮಲಕುಗಳ ಲೆಕ್ಕದಲ್ಲಿಯೂ ಬರೆದೇ ಇರುತ್ತದಲ್ಲ.

“ಏ ಶಮೀರ್, ಹಳದಿ ಇದ್ದದ್ದು ಹಸಿರಾಯ್ತು. ನಾನು ಮುಟ್ಟಲಿಲ್ಲ ಮತ್ತೆ.”

ಮುಂಡಪ್ಪಣ್ಣನ ಅಂಗಿಯ ಕಿಸೆಯಲ್ಲಿ ಫೋನು ಕೂಗಿದ್ದು ಆಮೇಲೆ ಹತ್ತು ನಿಮಿಷಕ್ಕೆ. ಅವರು ದೂರ ಸರಿದು, ಎರಡು ಕೈಯಲ್ಲೂ ಹಿಡಿದು ಕೇಳಿಸಿಕೊಂಡರು. ತಿರುಗಿ ಬಂದಾಗ ಮುಖದ ಬಣ್ಣ ಬೇರೆಯಾಗಿತ್ತು.

“ಶೋಧನ್. ಪರೀಕ್ಷೆ ನಿಂತಿತಂತೆ. ನಕ್ಷೆ ಹಳೇದಂತೆ.” ಅವರು ಸ್ವರ ತಗ್ಗಿಸಿದರು. “ನಿಲ್ಲಿಸಿದ್ದು ಮೊಯಿದಿನಬ್ಬರು ಅಂತ ಬರೆದು ಬಂದಿದೆಯಂತೆ. ಅಲ್ಲಿ ಯಾರೂ ಪಂಪಿನ ಹತ್ತಿರ ಹೋಗ್ತಾ ಇಲ್ಲ, ಎಲ್ಲ ದೂರ ನಿಂತಿದ್ದಾರೆ. ಇದು ಎಂತದು ಮಾರಾಯ?”

ಅಷ್ಟರಲ್ಲಿ ಲ್ಯಾಪ್‌ಟಾಪ್ ಸಣ್ಣ ಸದ್ದು ಮಾಡಿತು. ಮುಖ್ಯ ಕಚೇರಿಯಿಂದ ಒಂದು ಸಾಲು, ಮಾಮನ ಹೆಸರಿಗೆ: ‘ಯಾರು ನೀವು?’

ಗೋಡೆಯ ಒಳಗೆ ಉಸ್ತಾದರು ಪಾಠವನ್ನು ಮೂರನೆಯ ಸಲ ಹೇಳುತ್ತಿದ್ದರು. ಅರಬಿಯಲ್ಲಿ ಹೇಳಿ, ಕೂತವರಿಗೂ ತಿಳಿಯಲೆಂದು ಬ್ಯಾರಿಯಲ್ಲಿ ಹೇಳಿದರು: ಕೇಳುವವರನ್ನು ಕಂಡು ಹೆದರಬೇಡ, ಅವರೂ ನಿನ್ನ ಹಾಗೆ ದೇವರ ಸೃಷ್ಟಿ.

ಕಪ್ಪು ಮೀಸೆಯ ಫೋಟೋದ ಪಕ್ಕ ಹಸಿರು ಚುಕ್ಕೆ ಉರಿಯುತ್ತಲೇ ಇತ್ತು. ಅದರ ಮುಂದಿನ ಖಾಲಿ ಸಾಲಿನಲ್ಲಿ, ಖಬರಿನ ಮಣ್ಣು ಹತ್ತಿದ ಒಂದೇ ಬೆರಳಿನಿಂದ, ಶಮೀರ್ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒತ್ತತೊಡಗಿದ.