ಸವಾರನ ಎಡಗೈ

ಮಚ್ಛೇಂದ್ರ ಕಾಕಾ ಬರೆದ ‘ಮಾಂಜ್ರಾದ ಸವಾರ’ ಹೇಗೆ ಮುಗಿಯಿತೆಂದು ಕನ್ನಡದಲ್ಲಿ ಓದಿದವರು ಯಾರೂ ಇಲ್ಲ. ಮೂವತ್ತೈದು ವರ್ಷಗಳ ಹಿಂದೆ ಆ ಚಿತ್ರಕಥೆ ದಿನಕ್ಕೆ ಮೂರು ಚೌಕಗಳಂತೆ ಬೀದರದ ಎರಡು ಪತ್ರಿಕೆಗಳಲ್ಲಿ ಬರುತ್ತಿತ್ತು. ಒಂದು ಕನ್ನಡದ್ದು, ಇನ್ನೊಂದು ಉರ್ದು. ಕಾಕಾ ಮಾತಿನ ಗುಳ್ಳೆಗಳನ್ನು ಖಾಲಿ ಬಿಡುತ್ತಿದ್ದರು, ಆಯಾ ಪತ್ರಿಕೆಯವರು ತಮ್ಮ ಭಾಷೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಸವಾರ ಕೋಟೆಯ ಗೋಡೆಯ ಮೇಲೆ ಏಳು ಜನ ವೈರಿಗಳ ನಡುವೆ ಸಿಕ್ಕಿಬಿದ್ದ ದಿನವೇ ಕನ್ನಡ ಪತ್ರಿಕೆ ನಿಂತುಹೋಯಿತು. ಕೊನೆಯ ವಾರದ ಕಂತುಗಳು ಉರ್ದುವಿನಲ್ಲಷ್ಟೇ ಬಂದವು. ಪ್ರೆಸ್ಸಿಗೆ ಹೋದ ಮೂಲ ಚಿತ್ರಗಳು ಹಿಂದಿರುಗಲಿಲ್ಲ.

ಈಗ ಅದನ್ನು ಪುಸ್ತಕ ಮಾಡಬೇಕೆಂದು ಕಾಕಾ ಹಟ ಹಿಡಿದಿದ್ದಾರೆ. ನಾನು ಕೆಲಸ ಮಾಡುವ ಭಾಲ್ಕಿಯ ಝೆರಾಕ್ಸ್ ಅಂಗಡಿಯಲ್ಲೇ ಹಳೆಯ ಕಂತುಗಳನ್ನು ಸ್ಕ್ಯಾನ್ ಮಾಡಿದೆ. ಎಂಟನೇ ತರಗತಿಗೇ ಶಾಲೆ ಬಿಟ್ಟ ನಾನು ಮೊದಲು ಚಿತ್ರ ನೋಡುತ್ತೇನೆ, ಆಮೇಲೆ ಅಕ್ಷರ. ಕಾಕಾ ಕುದುರೆಯನ್ನು ಪೂರ್ತಿ ಬರೆಯುತ್ತಲೇ ಇರಲಿಲ್ಲ. ಕೆಸರಲ್ಲಿ ಹೂತ ಒಂದು ಗೊರಸು, ಸಿಡಿದ ನಾಲ್ಕು ಹನಿ, ಅಷ್ಟರಲ್ಲೇ ಓಟ ಕಾಣುತ್ತಿತ್ತು. ಹೊರದೇಶದ ಸಾಹಸದ ಚಿತ್ರಕಥೆಗಳನ್ನು ರದ್ದಿ ಪೇಪರುಗಳಲ್ಲಿ ನೋಡಿ ನೋಡಿ ಕಲಿತದ್ದಂತೆ.

ಔರಾದದ ಶಾಕಿರಾ ಬೇಗಂ ಅವರ ಹತ್ತಿರ ಜೋಪಾನವಾಗಿಟ್ಟ ಕೊನೆಯ ವಾರದ ಉರ್ದು ಕಂತುಗಳಿವೆಯೆಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು.

ಅವರು ಬಟ್ಟೆ ಕತ್ತರಿಸುತ್ತ ಕುಳಿತಿದ್ದರು. ಕತ್ತರಿ ಎಡಗೈಯಲ್ಲಿತ್ತು.

“ಏನ್ರಿ ಭಾಯಿ, ಇಷ್ಟು ಮುದುಕ ಆಗೀರಿ? ನೀವು ಸವಾರನ ಹಂಗ ಇರ್ತೀರಿ ಅಂತ ತಿಳ್ಕೊಂಡಿದ್ನಿ!”

“ಕುದ್ರಿ ಬಸ್ ಸ್ಟ್ಯಾಂಡಿನ್ಯಾಗ ಕಟ್ಟಿ ಬಂದೀನ್ರಿ ಆಪಾ,” ಎಂದರು ಕಾಕಾ.

ಬೇಗಂ ನಗುತ್ತ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಮೇಲಿನ ಕಂತಿನಲ್ಲಿ ಸವಾರ ಕತ್ತಿ ಎತ್ತಿದ್ದ. “ಒಂದು ಮಾತು ಕೇಳ್ಬೇಕಿತ್ರಿ. ಇವಂಗ ಎಡಗೈಯವ ಯಾಕ ಮಾಡಿದ್ರಿ?”

“ನಾ ಮಾಡಿಲ್ರಿ. ಉರ್ದು ಬಲಗಡಿಂದ ಓದ್ತಾರಲ್ಲ, ಪ್ರೆಸ್ಸಿನವ್ರು ಚಿತ್ರದ ಫಿಲ್ಮ್ ಎಡಬಲ ಉಲ್ಟಾ ಹಾಕ್ತಿದ್ರು. ಅವ ಬಲಗೈಯವನೇ. ಕರುಣಾ, ತಿರುಗಿಸಿ ತೋರ್ಸವ್ವ.”

ನಾನು ಫೋನಿನಲ್ಲಿ ಫೋಟೋ ತೆಗೆದು ಎಡಬಲ ತಿರುಗಿಸಿದೆ. ಕತ್ತಿ ಬಲಗೈಗೆ ಬಂತು. ಬೇಗಂ ಅದನ್ನೇ ನೋಡಿದರು. ಆಮೇಲೆ ಗಂಟು ಕಟ್ಟತೊಡಗಿದರು.

“ಇವು ನಾ ಕೊಡಲ್ರಿ.”

“ಯಾಕ್ರಿ ಆಪಾ?”

“ಈ ಮನಿಗಿ ಸೊಸಿ ಆಗಿ ಬಂದಾಗ ಎಡಗೈಲೆ ರೊಟ್ಟಿ ಬಡದ್ರ ಅತ್ತಿ ದಿನಾ ಬೈತಿದ್ಲು. ಒಂದಿನ ನಮ್ಮವ್ರು ಪೇಪರ್ ತೋರ್ಸಿ, ‘ಅಮ್ಮೀ, ಸವಾರ ಭೀ ಇದೇ ಕೈಲೆ ಕೋಟೆ ಗೆದ್ದಾನ ನೋಡ’ ಅಂದ್ರು. ಅವತ್ತಿಂದ ಅತ್ತಿ ಬಾಯಿ ಬಂದ್. ಈಗ ನೀವು ಅವಂಗ ಬಲಗೈ ಮಾಡಿ ಪುಸ್ತಕ ಹಾಕ್ತೀರಿ?”

“ಇವಿಲ್ದ ನನ್ನ ಪುಸ್ತಕಕ್ಕ ಕೊನೀನೇ ಇಲ್ರಿ. ಎಲ್ಲಾ ಮತ್ತ ಬರ್ಯಾಕ ಈ ಕೈಲೆ ಆಗಲ್ರಿ.”

“ಇದ್ದಂಗೇ ಹಾಕ್ರಿ ಮತ್ತ.”

ಚಿತ್ರ ತಿರುಗಿಸದೆ ಚೌಕಗಳ ಸಾಲನ್ನಷ್ಟೇ ಎಡದಿಂದ ಬಲಕ್ಕೆ ಬದಲಿಸಬಹುದೆಂದು ನಾನು ಮೆಲ್ಲಗೆ ಹೇಳಿದೆ.

“ಸಾಲು ಬಿಡವ್ವ,” ಎಂದರು ಕಾಕಾ. “ಪುಸ್ತಕ ಪೂರಾ ಬಲಗೈಲೆ ಹೊಡದವ ಕೋಟೆ ಏರಿದ ಮ್ಯಾಲ ಎಡಗೈ ಹ್ಯಾಂಗ ಆಗ್ತಾನ? ಓದವ್ರು ನಗ್ತಾರ.”

“ಅದು ನಿಮಗ ಗೊತ್ತು ಭಾಯಿ,” ಎಂದರು ಬೇಗಂ. “ಏಳು ಮಂದಿ ನಡುವ ಸಿಗಸಿದವ್ರು ನೀವು, ಬಿಡಿಸವ್ರೂ ನೀವೇ.”

ಕಾಕಾ ನನ್ನ ಕಡೆ ಕೈ ಚಾಚಿದರು. ಒಂದು ಹಾಳೆ, ಪೆನ್ಸಿಲ್ ಕೇಳಿದರು. ಕೈ ನಡುಗಲು ಶುರುವಾದ ಮೇಲೆ ಅವರು ಪೆನ್ಸಿಲ್ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಬಲ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಒಂದು ಚೌಕ ಹಾಕಿದರು. ವೈರಿಯ ಚಾಟಿ ಸವಾರನ ಬಲಗೈಗೆ ಸುತ್ತಿಕೊಂಡಿತು. ಕತ್ತಿ ಗಾಳಿಯಲ್ಲಿ. ಕಾಕಾನ ಗೆರೆ ನಡುಗಿದಷ್ಟೂ ಕತ್ತಿ ಗರಗರ ತಿರುಗುವಂತೆ ಕಾಣುತ್ತಿತ್ತು. ಕೆಳಗೆ ಬಿಚ್ಚಿದ ಎಡ ಅಂಗೈ. ಅಲ್ಲಿಗೆ ಪೆನ್ಸಿಲ್ ಕೆಳಗಿಟ್ಟರು.

ಬೇಗಂ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಹಿಡೀತಾನಲ್ರಿ?”

“ನನಗ ಏನು ಕೇಳ್ತೀರಿ? ಅದು ನಿಮ್ಮ ಗಂಟಿನ್ಯಾಗ ಅದ,” ಎಂದರು ಕಾಕಾ. “ಬಿಚ್ರಿ.”

ಬೇಗಂ ಗಂಟು ಬಿಚ್ಚಿದರು.