ಪೊರಕೆ ಕಡ್ಡಿಯ ಹೆಸರು

ಕಿವಿಯ ಹಿಂದೆ ತಣ್ಣಗೆ ತಾಗಿದ್ದು ಕತ್ತರಿಯೋ ಅತ್ತೆಯ ಉಂಗುರವೋ ತಿಳಿಯಲಿಲ್ಲ, ತಿರುಗಿ ನೋಡುವ ಹಾಗೂ ಇಲ್ಲ, ತಲೆ ಬಗ್ಗಿಸಿಯೇ ಇರಬೇಕು, ಚಾಪೆಯ ಮೇಲೆ ಆಗಲೇ ಒಂದು ಹಿಡಿ ಕೂದಲು ಬಿದ್ದಿದೆ, ತನ್ನದು ಅಂತ ಅನ್ನಿಸುತ್ತಿಲ್ಲ ನೈತೆಗೆ, ಯಾರೋ ಮೂಲೆಯಿಂದ ಬಾಚಿ ತಂದು ಸುರಿದ ಹಾಗಿದೆ — ಅಪ್ಪ ಸತ್ತರೆ ಮಗಳ ಕೂದಲು ಕತ್ತರಿಸುವುದು ಅಪ್ಪನ ಅಕ್ಕನ ಹಕ್ಕು, ಟೊಂಗಾದಲ್ಲಿ ಹಾಗೆ, ಸಮುದ್ರ ದಾಟಿ ಬಂದು ಆಕ್ಲೆಂಡಿನ ಈ ಚರ್ಚಿನ ಹಾಲ್‌ನಲ್ಲಿ ಕೂತರೂ ಹಾಗೇ, ಅಮ್ಮ ಹಿಂದಿನ ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಾಳೆ, ಗಂಡನ ಸಾವಿನಲ್ಲಿ ಅವಳ ಮಾತು ನಡೆಯುವುದಿಲ್ಲ, ನಡೆಯುವುದು ಅಕನೇಸಿ ಅತ್ತೆಯದು ಒಬ್ಬಳದೇ, ಯಾರು ಎಲ್ಲಿ ಕೂರಬೇಕು, ಯಾವ ಚಾಪೆ ಯಾರಿಗೆ, ಪೆಟ್ಟಿಗೆಯೊಳಗೆ ಅಪ್ಪನ ಜೊತೆ ಯಾವುದು ಹೋಗಬೇಕು ಯಾವುದು ಬೇಡ — ಬೇಡ ಅನ್ನಲಿ ಅತ್ತೆ, ಆ ಬಟ್ಟೆ ಬೇಡ ತೆಗೀರಿ ಅನ್ನಲಿ, ಮುಚ್ಚಳ ಹಾಕುವುದರೊಳಗೆ ಒಂದೇ ಒಂದು ಸಲ ಅನ್ನಲಿ ಅಂತ ಬೆಳಗಿನಿಂದ ಕಾಯುತ್ತಿದ್ದಾಳೆ ನೈತೆ, ಅತ್ತೆ ಅನ್ನುತ್ತಿಲ್ಲ, ಕತ್ತರಿ ಕರಕ್ ಅನ್ನುತ್ತದೆ, ಬಾಗಿಲಲ್ಲಿ ಹೊಸಬರು ಬಂದರೆ ನಿಲ್ಲುತ್ತದೆ, ಅವರು ಬಗ್ಗಿ ಅಪ್ಪನ ಹಣೆಗೆ ಮುತ್ತಿಟ್ಟು ಎದ್ದಾಗ ಎದೆಯ ಮೇಲಿನಿಂದ ಪೆಟ್ಟಿಗೆಯ ಹೊರಗೆ ಇಳಿಬಿಟ್ಟ, ಮರದ ತೊಗಟೆ ಬಡಿದು ಮಾಡಿದ ನಾರುಬಟ್ಟೆ ಕಣ್ಣಿಗೆ ಬೀಳುತ್ತದೆ, ಅದರ ಮೇಲೆ ಕಂದು ಬಣ್ಣದಲ್ಲಿ ಮೊಣಕೈಯುದ್ದದ ಇಂಗ್ಲಿಷ್ ಅಕ್ಷರಗಳು, ಅಪ್ಪನ ಹೆಸರು, ಮೊಸೇಸೆ, ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು, ಕಡೆಯ ಅಕ್ಷರ ಮೊದಲು, ಒಂದೊಂದೂ ಬೆನ್ನು ತಿರುಗಿಸಿ ನಿಂತಿದೆ, ಬಂದವರ ತುಟಿ ಓದಲು ಹೋಗಿ ಅರ್ಧಕ್ಕೇ ನಿಲ್ಲುವುದನ್ನು ನೈತೆ ಬಗ್ಗಿಸಿದ ತಲೆಯಿಂದಲೇ ನೋಡುತ್ತಾಳೆ, ಆಗ ಅತ್ತೆ, ಮೆತ್ತಗೆ, ಕಾಫಿ ತಗೊಳ್ಳಿ ಅನ್ನುವಷ್ಟು ಮೆತ್ತಗೆ, ಇದು ಇವನ ಮಗಳೇ ಮಾಡಿದ್ದು, ಇವಳೇ, ಕಾಲೇಜಲ್ಲಿ ಇದನ್ನೇ ಕಲಿಯೋದು ಅನ್ನುತ್ತಾಳೆ, ಹೌದಾ, ಪಾಪ, ಚೆನ್ನಾಗಿದೆ ಅಂತ ಅವರು, ಮತ್ತೆ ಕರಕ್.

ಕಾಲೇಜಲ್ಲಿ ಇದನ್ನೇ ಕಲಿಯೋದು — ಸುಳ್ಳೇನಲ್ಲ, ಇಡೀ ವರ್ಷ ಕಲಿತದ್ದು ಅದೊಂದೇ, ಕೈಯಿಂದ ಅಕ್ಷರ ಮಾಡು, ಕಂಪ್ಯೂಟರ್ ಮುಟ್ಟಬೇಡ ಅಂದಿದ್ದಳು ಬ್ರಾನ್ವಿನ್, ಪಾಠ ಹೇಳುವವಳು, ಕೊರಳಲ್ಲಿ ದಪ್ಪ ಮರದ ಮಣಿ ಹಾಕಿಕೊಂಡು ಮೇಜಿನ ಸುತ್ತ ತಿರುಗುತ್ತ, ನಿಮ್ಮ ಹತ್ತಿರ ಏನಿದೆಯೋ ಅದರಿಂದ ಮಾಡಿ, ದೂರ ಹೋಗಬೇಡಿ, ಒಬ್ಬ ಸುಟ್ಟ ಬ್ರೆಡ್ಡಿನಲ್ಲಿ ಮಾಡಿದ, ಒಬ್ಬಳು ಸೈಕಲ್ ಚೈನಿಗೆ ಮಸಿ ಬಳಿದು ಉರುಳಿಸಿದಳು, ನೈತೆ ಕೆಸುವಿನ ಗೆಡ್ಡೆಯ ಸಿಪ್ಪೆ ಒಣಗಿಸಿ ಅಂಟಿಸಿಕೊಂಡು ಹೋದಳು, ಬ್ರಾನ್ವಿನ್ ಅದನ್ನು ನೋಡಿ ಚೆನ್ನಾಗಿದೆ ಅಂದಳು, ನೆಂಟರ ಮಗು ಹಾಡು ಹೇಳಿದಾಗ ಅನ್ನುತ್ತೇವಲ್ಲ ಹಾಗೆ, ಆಮೇಲೆ ಲಿನೋ ಅನ್ನುವ ರಬ್ಬರಿನಂಥ ಹಾಳೆಯಲ್ಲಿ ಅಕ್ಷರ ಕೊರೆಯುವುದು, ತಿರುಗಿಸಿ ಕೊರೀಬೇಕು, ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದಾಗ ಸರಿಯಾಗುತ್ತೆ, ಮೊದಮೊದಲು ಎಲ್ಲರ ಅಕ್ಷರವೂ ಸೊಟ್ಟ, ನೈತೆಯದೊಂದೇ ನೆಟ್ಟಗೆ, ನಿನ್ನ ಕೈ ಹೇಳಿದ ಹಾಗೆ ಕೇಳುತ್ತೆ ಅಂದಳು ಬ್ರಾನ್ವಿನ್, ಆ ಮಾತು ಒಳಗೆ ಹೋಗಿ ಕೂತಿತು, ತಿರುಗಿಸುವುದೇ ಕೈಗೆ ಸರಿ ಅನ್ನಿಸಿಬಿಟ್ಟಿತು, ಬಸ್ಸಿನಲ್ಲಿ ಕೂತರೆ ಅಂಗಡಿ ಬೋರ್ಡೆಲ್ಲ ತಿರುಗಿಸಿ ಓದುತ್ತಿದ್ದಳು, ಅಲ್ಲಿಂದ ನಾರುಬಟ್ಟೆಯ ಯೋಚನೆ, ಊರಿನಲ್ಲಿ ಹೆಂಗಸರು ತೆಂಗಿನ ಗರಿಯ ಕಡ್ಡಿ ಬಗ್ಗಿಸಿ ಹೊಲಿದು ಅಚ್ಚಿನ ಹಲಗೆ ಮಾಡುತ್ತಾರೆ, ಅಜ್ಜಿ ಮಾಡುತ್ತಿದ್ದಳು, ಅದನ್ನು ಬಟ್ಟೆಯ ಕೆಳಗೆ ಇಟ್ಟು ಮೇಲಿನಿಂದ ಬಣ್ಣದ ಉಂಡೆಯಿಂದ ಉಜ್ಜುತ್ತಾರೆ, ಕೆಳಗೆ, ಮೇಲಿನಿಂದ, ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ ಹಾಗೆ, ರಾಣಿಯ ಮುಖ ಇದ್ದ ಹಾಗೇ ಮೂಡುತ್ತದೆ, ತಿರುಗುವುದಿಲ್ಲ, ಅದನ್ನು ಅಪ್ಪನ ತೊಡೆಯ ಮೇಲೆ ಕೂತು ಎಷ್ಟು ಸಲ ಮಾಡಿಲ್ಲ — ಒತ್ತಿದರೆ ತಿರುಗುತ್ತದೆ, ಉಜ್ಜಿದರೆ ತಿರುಗುವುದಿಲ್ಲ, ಇಷ್ಟೇ, ಮಗುವಿಗೆ ಗೊತ್ತಿರುವುದು, ಮಗುವಿಗೆ ಕಾಲೇಜು ಇರಲಿಲ್ಲ.

ಕಡ್ಡಿಗೆ ಒಟಾಹುಹು ಬಡಾವಣೆಯ ಅಂಗಡಿಯಲ್ಲಿ ಪೊರಕೆ ಕೊಂಡಳು, ಫಿಜಿಯಿಂದ ಬಂದವನ ಅಂಗಡಿ, ಪೊರಕೆ ಬಿಚ್ಚಿ ಕಡ್ಡಿ ನೆನೆಹಾಕಿ ಆಸ್ಪತ್ರೆಗೆ ಒಯ್ದಳು, ಅಪ್ಪ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ, ಇದೇನೇ ಪೊರಕೆ ತಂದಿದ್ದೀ, ಇಲ್ಲಿ ಗುಡಿಸೋಕೆ ಅವರದೇ ಜನ ಇದ್ದಾರೆ ಅಂದ, ನಗಲು ಹೋಗಿ ಕೆಮ್ಮಿದ, ಅಕ್ಷರ ಮಾಡ್ತೀನಪ್ಪ, ಕಾಲೇಜಿಗೆ, ಕೈ ಚಾಚು ಅಂದಳು, ಎಡಗೈ, ಕಸಾಯಿ ಕಾರ್ಖಾನೆಯ ಗರಗಸ ಎರಡು ಬೆರಳು ತೆಗೆದುಕೊಂಡು ಮೂರು ಬಿಟ್ಟಿದ್ದ ಕೈ, ಹೆಬ್ಬೆಟ್ಟು, ತೋರು, ನಡು, ಅದನ್ನು ಕಾಗದದ ಮೇಲೆ ಅಡ್ಡ ಮಲಗಿಸಿ ಸುತ್ತ ಗೆರೆ ಎಳೆದಳು, ಬೆರಳು ಬಲಕ್ಕೆ, ಅದು ಇ ಅಕ್ಷರ, ಇಂಗ್ಲಿಷಿನ ದೊಡ್ಡ ಇ, ಕೆಳಗಿನ ಗೆರೆ ಗಿಡ್ಡ ಮತ್ತು ದಪ್ಪ, ಹೆಬ್ಬೆಟ್ಟಲ್ಲವೇ, ಅಪ್ಪನ ಹೆಸರಿನಲ್ಲಿ ಅಂಥವು ಎರಡು, ಕಾಲೇಜಲ್ಲಿ ಆ ಕಾಗದ ನೋಡಿ ಬ್ರಾನ್ವಿನ್ ಕನ್ನಡಕ ತೆಗೆದಳು, ಇದು, ಇದನ್ನು ಬಿಡಬೇಡ ಅಂದಳು, ಆಮೇಲೆ ಕಿವಿಯ ಹತ್ತಿರ ಬಂದು, ಅವರು ಇರೋವಾಗಲೇ ಬೇಕಾದ್ದೆಲ್ಲ ಅಳತೆ ತಗೊಂಡುಬಿಡು, ಆಮೇಲೆ ಸಿಗಲ್ಲ ಅಂದಳು, ಅಂದವಳೇನೋ ಅವಳು, ಆದರೆ ಮಾರನೇ ದಿನ ಹೋಗಿ ನಿದ್ದೆ ಮಾಡುತ್ತಿದ್ದವನ ಕೈ ಎತ್ತಿ ಮತ್ತೆ ಗೆರೆ ಎಳೆದವಳು ಯಾರು, ಕೈ ಬೆಚ್ಚಗಿತ್ತು, ತೂಕವಿತ್ತು, ಬೆರಳು ಮಡಚಿಕೊಳ್ಳುತ್ತಿದ್ದವು, ಅವನ್ನು ಬಿಡಿಸಿ ಟೇಪು ಹಚ್ಚಿ ಕೂರಿಸಿದವಳು ಯಾರು — ಅಕ್ಷರದ ಅಚ್ಚುಗಳನ್ನು ಲಿನೋದ ಹಾಗೆ ತಿರುಗಿಸಿಯೇ ಹೊಲಿದಳು, ಮೊದಲು ಮುಗಿದದ್ದು ಎಂ, ಅದರ ಮೇಲೆ ಕಾಗದ ಇಟ್ಟು ಉಜ್ಜಿ ನೋಡಿದಳು, ಸರಿಯಾಗಿ ಬಂತು, ಆಮೇಲೆ ಓ, ಸರಿಯಾಗಿ ಬಂತು, ಬಾರದೆ ಏನು, ಎಂ ತಿರುಗಿಸಿದರೂ ಎಂ, ಓ ತಿರುಗಿಸಿದರೂ ಓ, ಆ ಎರಡರ ಧೈರ್ಯದಲ್ಲಿ ಉಳಿದದ್ದನ್ನು ನೋಡಲೇ ಇಲ್ಲ, ಅಪ್ಪ ಎಂ ಹಲಗೆಯನ್ನು ಎದೆಯ ಮೇಲೆ ಇಟ್ಟುಕೊಂಡು ಆ ಮೂರು ಬೆರಳಿನಿಂದ ಕಡ್ಡಿಗಳ ಮೇಲೆ ಸವರಿದ, ನನ್ನ ಹೆಸರಾ, ಹೂಂ, ಹುಟ್ಟಿದಹಬ್ಬಕ್ಕಾ, ಎರಡು ತಿಂಗಳಿತ್ತು ಅದಕ್ಕೆ, ಎರಡು ತಿಂಗಳು ಅಪ್ಪನಿಗೆ ಇಲ್ಲ ಅಂತ ಡಾಕ್ಟರು ಹೊರಗೆ ಕರೆದು ಹೇಳಿದ್ದರು, ಹೂಂ ಅಪ್ಪ ಹುಟ್ಟಿದಹಬ್ಬಕ್ಕೇ ಅಂದಳು ನೈತೆ, ಅಕ್ಕನಿಗೆ ಹೇಳಬೇಡ, ಈ ವಯಸ್ಸಲ್ಲಿ ಕೇಕ್ ಬೇರೆ ಕೇಡು ಅಂತಾಳೆ ಅಂದ, ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕನೇ, ಕೈಯಲ್ಲಿ ಸೂಪಿನ ಡಬ್ಬಿ, ನೈತೆ ಹಲಗೆಗಳನ್ನೆಲ್ಲ ಬಾಚಿ ಚೀಲಕ್ಕೆ ತುರುಕಿದಳು, ಒಂದು ಕಡ್ಡಿ ಅಂಗೈಗೆ ಚುಚ್ಚಿತು, ಅತ್ತೆ ಚೀಲ ನೋಡಲಿಲ್ಲ, ಸೂಪು ಬಿಸಿ ಇದೆ ನೋಡೋ ಅಂದಳು ತಮ್ಮನಿಗೆ, ನೋಡಲಿಲ್ಲ ಅಂತಲೇ ನೈತೆ ಅಂದುಕೊಂಡಳು.

ಕೂದಲು ಕುತ್ತಿಗೆಯೊಳಗೆ ಇಳಿದು ತುರಿಸುತ್ತಿದೆ, ಸೂತಕಕ್ಕೆ ಮೈಗೆ ಸುತ್ತಿಕೊಂಡ ಚಾಪೆ ಸೊಂಟದಿಂದ ಕಂಕುಳದವರೆಗೆ ಬಿಗಿದಿದೆ, ಕೈ ಎತ್ತುವ ಹಾಗಿಲ್ಲ, ಅಪ್ಪ ಹೋದ ಮೇಲೆ ಬಟ್ಟೆ ಉಜ್ಜಿದ ದಿನವೂ ಇದೇ ಹಾಲ್, ಇದೇ ನೆಲ, ಉಬ್ಬಿದ ಬೆನ್ನಿನ ಉದ್ದ ಹಲಗೆಯ ಆಚೆ ಈಚೆ ಹೆಂಗಸರು ಸಾಲಾಗಿ ಕೂತಿದ್ದರು, ಬಕೆಟ್ಟಿನಲ್ಲಿ ತೊಗಟೆಯ ಕಂದು ಬಣ್ಣ, ಊರಿನಿಂದ ಬಂದ ಬಿಳಿ ನಾರಿನ ಹಾಳೆ ಮಡಿಕೆ ಬಿಚ್ಚುತ್ತಿತ್ತು, ಹೆಸರಿನ ಜಾಗ ನನಗೆ ಬಿಡಿ ಅಂತ ನೈತೆ ಕೇಳಿದ್ದಳು, ಎಲ್ಲರೂ ಅತ್ತೆಯ ಮುಖ ನೋಡಿದರು, ಬಿಡಿ ಅಂದಳು ಅತ್ತೆ, ಓದಿದ ಹುಡುಗಿ, ಮಾಡಲಿ, ನೈತೆಯೇ ಮಂಡಿಯೂರಿ ಆರು ಅಕ್ಷರದ ಅಚ್ಚುಗಳನ್ನೂ ಆ ಉದ್ದ ಹಲಗೆಗೆ ಕಟ್ಟಿದಳು, ಬಲದಿಂದ ಎಡಕ್ಕೆ, ಕೈ ಹೇಳಿದ ಹಾಗೆ ಕೇಳುತ್ತಿತ್ತು, ಅತ್ತೆ ಎದುರಿಗೇ ನಿಂತಿದ್ದಳು, ನೋಡುತ್ತಿದ್ದಳು, ಕಟ್ಟಿ ಮುಗಿಯುವವರೆಗೂ, ಹಾಳೆ ಎಳೆದು ಮುಚ್ಚುವವರೆಗೂ, ಹೆಂಗಸರು ಹಾಡು ಎತ್ತಿದರು, ಉಜ್ಜಿದರು, ಹಾಳೆ ಎತ್ತಿ ಎಳೆದು ಹೆಸರು ಒಟ್ಟಿಗೆ ಕಂಡಾಗ ಹಾಡು ಒಂದು ಕಡೆಯಿಂದ ನಿಲ್ಲುತ್ತ ಬಂತು, ದೀಪ ಆರಿಸುತ್ತ ಬಂದ ಹಾಗೆ, ಯಾರೋ ಉಪ್ ಅಂತ ನಗು ಕಚ್ಚಿದರು, ನಾರು ಒಂದು ಸಲ ಬಣ್ಣ ಕುಡಿದರೆ ಮುಗಿಯಿತು, ಕಾರುವುದಿಲ್ಲ, ಅತ್ತೆಯ ಮಗ ಫೆಲೇತಿ ಬಾಗಿಲಿಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದವನು, ಮಾವ ಒಳಗಿಂದ ಓದ್ಕೊಳ್ಳಲಿ ಅಂತ ಮಾಡಿದ್ದಾಳೆ ಕಣ್ರೋ, ಹೊರಗಿರೋ ನಮಗೇನು ಅಂದ, ಆಗ ಎಲ್ಲರೂ ನಕ್ಕರು, ಬಾಯಿ ತೆರೆದು, ಹೊಟ್ಟೆ ಹಿಡಿದು, ಅಮ್ಮ ಕೂಡ, ಅಮ್ಮ ಕೂಡ ಒಂದು ಸಲ ನಕ್ಕು ಕೈ ಅಡ್ಡ ಇಟ್ಟುಕೊಂಡಳು, ನೈತೆ ನೋಡಿದ್ದು ಎರಡು ಕೈಗಳನ್ನು, ಆ ಎರಡು ಇ, ಮೂರು ಬೆರಳು ಎಡಕ್ಕೆ, ಎಡಗೈ ಹೋಗಿ ಬಲಗೈ ಆಗಿತ್ತು, ಅಪ್ಪನ ಬಲಗೈಗೆ ಐದು ಬೆರಳಿತ್ತು, ಅಂಥ ಕೈ ಅಪ್ಪನಿಗೆ ಇರಲೇ ಇಲ್ಲ, ಇದು ಬೇಡ ಅತ್ತೆ, ಗೋಡೆ ಹತ್ತಿರ ನೆಂಟರು ತಂದ ಬಟ್ಟೆ ರಾಶಿ ಇದೆ, ಅದರಲ್ಲಿ ಒಂದು ಹಾಕಿ ಅಂದಳು, ಅತ್ತೆ ಬಟ್ಟೆಯ ಒದ್ದೆ ನೋಡಿ, ಹುಷಾರಾಗಿ ಒಣಗಿಸಿ, ಮುದುರಬೇಡಿ ಅಂದಳು ಹೆಂಗಸರಿಗೆ, ಮುದುರಬೇಡಿ.

ಇವಳೇ, ಕಾಲೇಜಲ್ಲಿ ಇದನ್ನೇ ಕಲಿಯೋದು — ಈ ಸಲ ಬಂದವಳು ಬ್ರಾನ್ವಿನ್, ಕಪ್ಪು ಬಟ್ಟೆ, ಮಣಿ ಇಲ್ಲ, ಯಾರು ಹೇಳಿದರೋ, ಪೆಟ್ಟಿಗೆಯ ಮುಂದೆ ಎಲ್ಲಿ ಬಗ್ಗಬೇಕು ತಿಳಿಯದೆ ನಿಂತಳು, ಆಮೇಲೆ ಅಕ್ಷರ ನೋಡಿದಳು, ಇವಳಾದರೂ ಹೇಳಲಿ ಅಂದುಕೊಂಡಳು ನೈತೆ, ತಪ್ಪು ಇದು ಅನ್ನಲಿ, ಪಾಠದವಳ ಮಾತು ಅತ್ತೆ ಕೇಳಿಯಾಳು, ಬ್ರಾನ್ವಿನ್‌ಳ ಕಣ್ಣಲ್ಲಿ ನೀರು, ಬಗ್ಗಿ ನೈತೆಯ ಅರ್ಧ ಕೂದಲು ಹೋದ ತಲೆಯ ಹತ್ತಿರ, ತಿರುಗಿಸಿದ್ದೀಯಲ್ಲ, ಸತ್ತವರ ಕಡೆಯಿಂದ ಓದೋ ಹಾಗೆ, ಎಂಥ ಧೈರ್ಯ, ಇದರ ಫೋಟೋ ತಗೊಳ್ಳಲಾ ಅಂತ ಪಿಸುಗುಟ್ಟಿದಳು, ಅತ್ತೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ತಗೊಳ್ಳಿ ತಗೊಳ್ಳಿ, ಮಾರ್ಕು ಕೊಡೋಕೆ ಬೇಕಾಗುತ್ತೆ ಅಂದಳು, ಫೋನು ಚಿಟಕ್ ಅಂತು, ಕತ್ತರಿ ಕರಕ್ ಅಂತು, ಬ್ರಾನ್ವಿನ್ ಹೋದಳು, ಗಂಡಸರು ಮುಚ್ಚಳ ಹೊತ್ತು ಒಳಗೆ ಬಂದರು, ಇನ್ನು ಹೊತ್ತಿಲ್ಲ, ನೈತೆ ನೆಲ ನೋಡಿಕೊಂಡೇ, ಅತ್ತೆ, ತೆಗೆಸಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ ಅಂದಳು, ಬೀಳೋಕೆ ಏನಿದೆ, ಕಾಲ ಹತ್ತಿರಾನೇ ಕೂತಿದ್ದೀಯಲ್ಲ ಅಂದಳು ಅತ್ತೆ, ಕೊನೆಯ ಹಿಡಿ ಕೂದಲು ಬೆರಳಿಗೆ ಸುತ್ತಿಕೊಂಡಳು, ಬುಡಕ್ಕೆ ನೋವಾಗುವಷ್ಟು, ನೀವು ನೋಡ್ತಿದ್ರಿ ಅತ್ತೆ, ನಾನು ಕಟ್ಟುವಾಗ, ಹೂಂ ನೋಡ್ತಿದ್ದೆ, ತಿರುಗಿದೆ ಅಂತ ಗೊತ್ತಿತ್ತಾ, ಗೊತ್ತಿತ್ತು, ಹೇಳಲಿಲ್ಲ ಯಾಕೆ — ಅತ್ತೆ ಬಗ್ಗಿದಳು, ಬಾಯಿಂದ ಶುಂಠಿಯ ವಾಸನೆ, ನೀನು ಆಸ್ಪತ್ರೆಯಲ್ಲಿ ಚೀಲಕ್ಕೆ ತುರುಕಿದ್ದೂ ನೋಡಿದ್ದೆ, ಅವನಿಗೆ ಉಸಿರಿತ್ತು ಆಗ, ನೀನು ಹೋದ ಮೇಲೆ ಎಷ್ಟು ಖುಷಿಯಲ್ಲಿ ಹೇಳ್ದ ಗೊತ್ತಾ, ಹುಟ್ಟಿದಹಬ್ಬಕ್ಕೆ ಮಗಳು ನನ್ನ ಹೆಸರು ಮಾಡ್ತಿದ್ದಾಳೆ ಅಂತ, ಯಾವ ಹುಟ್ಟಿದಹಬ್ಬ ಅಂತ ನಾನು ಕೇಳಲಿಲ್ಲ, ಅವನ ಹತ್ರಾನೂ ಬಾಯಿ ಮುಚ್ಕೊಂಡೆ, ನಿನ್ನ ಹತ್ರಾನೂ ಮುಚ್ಕೊಂಡೆ, ಈಗ ನೀನು ಮುಚ್ಕೋ, ಅವನಿಗೆ ಅಂತ ಮಾಡಿದ್ದು, ಅವನು ಹೊದ್ಕೊಂಡು ಹೋಗ್ತಾನೆ, ಕರಕ್, ತಲೆ ಹಗುರ, ಕುತ್ತಿಗೆಗೆ ಗಾಳಿ, ಗಂಡಸರು ಇಳಿಬಿಟ್ಟ ಬಟ್ಟೆಯನ್ನು ಎತ್ತಿ ಅಪ್ಪನ ಮೇಲೆ ಮಡಚುತ್ತಿದ್ದಾರೆ, ಎಂ ಒಳಗೆ ಹೋಯಿತು, ಓ ಹೋಯಿತು, ಅಪ್ಪನ ಎರಡು ಕೈಗಳನ್ನೂ ಎದೆಯ ಮೇಲೆ ಜೋಡಿಸಿದ್ದಾರೆ, ಇಡೀ ಕೈ ಮೇಲೆ, ಮೊಂಡು ಕೈ ಅದರ ಅಡಿಗೆ, ಕಾಣದ ಹಾಗೆ, ಯಾರೋ ಚೆಂದಕ್ಕೆ ಮಾಡಿದ್ದು, ಬಟ್ಟೆ ಅದರ ಮೇಲೆ ಬಂತು, ಹೊರಗೆ ಉಳಿದದ್ದು ಒಂದೇ ಅಕ್ಷರ, ಮಡಿಕೆಯ ಮೇಲ್ಗಡೆ, ಅಪ್ಪನ ಎದೆಯ ಮೇಲೆ, ಕಂದು ಬಣ್ಣದ ಕೈ, ಯಾರದೂ ಅಲ್ಲದ ಕೈ, ಕೆಳಗಿನ ಗೆರೆ ಗಿಡ್ಡ ಮತ್ತು ದಪ್ಪ, ಮುಚ್ಚಳ ಬರುತ್ತಿದೆ, ಅತ್ತೆ ಮಡಿಲಿನಿಂದ ಕೂದಲು ಕೊಡವುತ್ತಿದ್ದಾಳೆ, ಮೂರು ಬೆರಳು ಎಡಕ್ಕೆ, ನೈತೆ ಕೂತಿರುವ ಕಡೆಗೆ, ಮೂರು ಬೆರಳು, ಎಡಕ್ಕೆ, ಮೂರು ಬೆರಳು