ಕಿಟಕಿಯ ಮೂಲೆಯ ಹಕ್ಕಿ

"ಇದನ್ನೊತ್ತಿದ್ರೆ ಹೋಗತ್ತೇನೋ?" ಗಂಡನ ಫೋನನ್ನು ಪಕ್ಕದ ಮನೆಯ ಹೊಲಿಗೆಯವನ ಮುಂದೆ ಹಿಡಿದು ಆಕೆ ಕೇಳಿದಳು.

"ಒತ್ತಿ ಅಕ್ಕ."

ಒತ್ತಿದಳು. ಹೋಗಲಿಲ್ಲ. ಚಿತ್ರವಿಲ್ಲದೆ ಬರೀ ಮಾತು ಹಾಕುವಂತಿಲ್ಲವೆಂಬುದು ಗಂಡ ಸೇರಿದ್ದ, ಹಕ್ಕಿ ನೋಡುವವರ ಫೋನ್ ಬಳಗದ ಕಟ್ಟಳೆ. ದಿನಾ ಶುಭೋದಯ ಕಳಿಸುವವರ ಕಾಟಕ್ಕೆ ಮಾಡಿದ್ದು.

ಒಳಕೋಣೆಯಲ್ಲಿ ಗಂಡ ಬಿಳಿ ಬಟ್ಟೆಯಡಿ ಮಲಗಿದ್ದ. ಮಕ್ಕಳಿಲ್ಲ. ಹೆಗಲು ಕೊಡಲು ನಾಲ್ವರಾದರೂ ಬೇಕು. ಇದ್ದವರು ಮೈದುನ ಮತ್ತು ಹೊಲಿಗೆಯವನು.

"ಕೂಲಿಯವರನ್ನ ಕರೆಸೋಣ ಅತ್ತಿಗೆ. ಅಣ್ಣಂಗೆ ಜನ ಎಲ್ಲಿದ್ರು?" ಎಂದ ಮೈದುನ.

"ಅವರೇನು ಬೀರುವೇನೋ, ಕೂಲಿಯವರ ಹತ್ರ ಹೊರಿಸೋಕೆ?"

ಕಿಟಕಿಯ ಬಳಿಯ ಖಾಲಿ ಕುರ್ಚಿಯ ಚಿತ್ರ ತೆಗೆದು ಆಕೆ ಕೆಳಗೆ ಬರೆದಳು: ಈ ಕುರ್ಚಿಯವರು ಬೆಳಗ್ಗೆ ತೀರಿಕೊಂಡರು. ಮಧ್ಯಾಹ್ನ ಮಣ್ಣು. ಹೆಗಲು ಕೊಡಲು ಬನ್ನಿ. ಜೊತೆಗೆ ವಿಳಾಸ.

*

ಆಕೆಯ ಗಂಡ ಲಿಫ್ಟ್ ರಿಪೇರಿಯವನು. ಆಯುಷ್ಯವನ್ನೆಲ್ಲ ಕಟ್ಟಡಗಳ ಕತ್ತಲೆಯ ಹೊಟ್ಟೆಯಲ್ಲಿ, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಕಳೆದವನು. ನಿವೃತ್ತನಾದದ್ದೇ ಕಿಟಕಿಯ ಬಳಿ ಕುರ್ಚಿ ಎಳೆದು ಕೂತ. ಬಳಗಕ್ಕೆ ಸೇರಿ ಮೊದಲ ಚಿತ್ರ ಹಾಕಿ, ಯಾವ ಹಕ್ಕಿಯೆಂದು ಕೇಳಿದ. ಯಾರೋ ಉತ್ತರಿಸಿದರು: "ಗುಬ್ಬಿ. ಹೆಣ್ಣು. ನಿಮಗೆ ಸ್ವಾಗತ."

"ನೋಡೇ, ಸ್ವಾಗತ ಅಂದಿದಾರೆ."

"ಗುಬ್ಬಿ ಗೊತ್ತಿರಲಿಲ್ವೇನ್ರೀ ನಿಮಗೆ?"

"ಗೊತ್ತಿತ್ತು. ಮಾತಿಗೊಂದು ನೆಪ ಬೇಕಲ್ಲ ಮಾರಾಯ್ತಿ."

*

ಫೋನು ಗುಂಯ್‌ಗುಟ್ಟತೊಡಗಿತು. ಹೊಲಿಗೆಯವನು ಓದಿದ.

"ಕಿಟಕಿ ಮೂಲೇಲಿರೋದು ಬದನಿಕೆ ಹಕ್ಕಿ."

"ಅಲ್ಲ ಸಾರ್, ಸೂರಕ್ಕಿ. ಕೊಕ್ಕು ನೋಡಿ, ಬಾಗಿದೆ."

"ಸತ್ತ ಮನೇಲಿ ಕೊಕ್ಕು ನೋಡ್ತಾರಲ್ಲ, ಎಂಥ ಜನಾನೋ," ಮೈದುನ ಹಲ್ಲು ಕಡಿದ.

ಆಕೆ ಚಿತ್ರ ಹಿಗ್ಗಿಸಿ ನೋಡಿದಳು. ಹೌದು, ಸರಳಿನ ಮೇಲೆ ಹೆಬ್ಬೆರಳಷ್ಟು ಹಕ್ಕಿ. ಬೆಳಗಿನಿಂದ ಬಿಗಿದಿದ್ದ ಮುಖ ಸಡಿಲಿ ನಕ್ಕುಬಿಟ್ಟಳು. "ಅವರಿದ್ದಿದ್ರೂ ಮೊದಲು ಅದನ್ನೇ ನೋಡ್ತಿದ್ರು ಕಣೋ."

ಫೋನು ತಟ್ಟನೆ ಸುಮ್ಮನಾಯಿತು. ಯಾರೋ ಕೆಳಗಿನ ಬರಹ ಓದಿರಬೇಕು. ಬಹಳ ಹೊತ್ತು ಏನೂ ಇಲ್ಲ. ಮೈದುನ ಕೂಲಿಯವರನ್ನು ಕರೆಯಲೆಂದು ಎದ್ದ. ಎದ್ದವನು ಬಾಗಿಲಲ್ಲೇ ನಿಂತ.

ಸಮವಸ್ತ್ರದಲ್ಲೇ ಬಂದ ಬಸ್ ಡ್ರೈವರ್. ಅವನ ಹಿಂದೆ ಹಲ್ಲಿನ ಡಾಕ್ಟರಮ್ಮ, ಕಿವಿಗೆ ಹಿಟ್ಟು ಮೆತ್ತಿದ ಬೇಕರಿಯವನು, ಇನ್ನೂ ಯಾರ್ಯಾರೋ. ಎಲ್ಲರ ಕೊರಳಲ್ಲೂ ಕ್ಯಾಮೆರಾ. ಅದಿಲ್ಲದೆ ಹೊಸಿಲು ದಾಟಿ ಗೊತ್ತಿಲ್ಲದವರು. ಒಬ್ಬರ ಮುಖ ಒಬ್ಬರು ಕಂಡದ್ದೂ ಅದೇ ಮೊದಲು.

"ಬದನಿಕೆ ಅಂದೋರು ನೀವೇನಾ?" ಡಾಕ್ಟರಮ್ಮ ಪಿಸುಗುಟ್ಟಿದಳು.

ಡ್ರೈವರ್ ಮನೆಯಾಕೆಯ ಮುಂದೆ ತಲೆ ತಗ್ಗಿಸಿದ. "ತಪ್ಪಾಯ್ತಮ್ಮ. ಮೊದಲು ಹಕ್ಕಿ ಕಣ್ಣಿಗೆ ಬಿತ್ತು."

"ಬೀಳ್ಲಿ ಬಿಡಪ್ಪ. ಹೆಗಲು ಕೊಡ್ತೀರಲ್ಲ?"

ನಾಲ್ಕು ಹೆಗಲಿನ ಜಾಗಕ್ಕೆ ನೂಕುನುಗ್ಗಲಾಯಿತು. ಕುಳ್ಳರೂ ಉದ್ದದವರೂ ಸೇರಿ ಚಟ್ಟ ವಾಲಿತು. "ಅಣ್ಣ ಜಾರಿಯಾನು, ಮೆಲ್ಲಗೆ," ಮೈದುನ ಗದರುತ್ತಲೇ ಇದ್ದ, ತನ್ನ ಜಾಗ ಮಾತ್ರ ಬಿಟ್ಟುಕೊಡಲಿಲ್ಲ.

ಬೀದಿಯ ತಿರುವಿನಲ್ಲಿ ಬೆಳ್ಳಕ್ಕಿಗಳ ಸಾಲೊಂದು, ರೆಕ್ಕೆಯ ಸದ್ದು ಕೇಳುವಷ್ಟು ತಗ್ಗಿನಲ್ಲಿ, ತಲೆಯ ಮೇಲೆ ಹಾದುಹೋಯಿತು. ಚಟ್ಟ ತಾನಾಗಿ ನಿಂತಿತು. ಎಲ್ಲರ ಮುಖವೂ ಮೇಲೆ, ಆಕೆಯದೂ. ಕೊರಳುಗಳಲ್ಲಿ ಕ್ಯಾಮೆರಾಗಳು ಮೆಲ್ಲಗೆ ತೂಗುತ್ತಿದ್ದವು. ಚಟ್ಟದಿಂದ ಒಬ್ಬರೂ ಕೈ ತೆಗೆಯಲಿಲ್ಲ.